ನಾನೆಲ್ಲಿ ಉರ್ಕೋತೀನಿ?

ನಮ್ಮ ಬೀದಿಯಲ್ಲಿ ‘ಉರ್ಕೊಳ್ಳೋದು’ ಎಂದರೆ ಏನೆಂದು ಯಾರಾದರೂ ಕೇಳಿದರೆ ಜನ ವಿವರಿಸುವ ಗೋಜಿಗೆ ಹೋಗುವುದಿಲ್ಲ, ನಮ್ಮಣ್ಣನ ಅಂಗಡಿಯ ಕಡೆ ಕೈ ತೋರಿಸುತ್ತಾರೆ. ಅದು ಹೊಟ್ಟೆಕಿಚ್ಚಲ್ಲ, ಜಗಳಗಂಟತನವೂ ಅಲ್ಲ. ಯಾರೋ ತಮಾಷೆಗೆ ಒಂದು ಮಾತು ಬಿಟ್ಟಾಗ, ಅದು ತಮಾಷೆಯೆಂದು ಚೆನ್ನಾಗಿ ಗೊತ್ತಿದ್ದೂ ತಡೆಯಲಾರದೆ ಮೈಯೆಲ್ಲ ಚುರುಚುರು ಎನ್ನುತ್ತದಲ್ಲ, ಅದು. ಈ ವಿದ್ಯೆಯಲ್ಲಿ ಅಣ್ಣನನ್ನು ಮೀರಿಸಿದವರನ್ನು ನಾನಂತೂ ಕಂಡಿಲ್ಲ. ಬುದ್ಧಿ ಬಂದಾಗಿನಿಂದ ಅವನನ್ನು ರೇಗಿಸಿಕೊಂಡೇ ಬೆಳೆದ ತಂಗಿ ನಾನು. ನನ್ನ ಮಾತನ್ನು ಕಣ್ಣು ಮುಚ್ಚಿಕೊಂಡು ನಂಬಬಹುದು.

ಅಣ್ಣ ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವವನು. ಹಳೇ ಬಟ್ಟೆ ಬಿಚ್ಚುವುದು, ಕುಸಿದ ಸ್ಪ್ರಿಂಗುಗಳನ್ನು ಎತ್ತಿ ಕಟ್ಟುವುದು, ನಾರು ತುಂಬಿ ಸ್ಪಂಜು ಹಾಸುವುದು, ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವನ ಕೆಲಸ. ಬಟ್ಟೆ ಕತ್ತರಿಸಿ ಹೊಲಿಯುವುದು ನನ್ನ ಕೆಲಸ. ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಬೆಳಕಿಗೆ ನನ್ನ ಹೊಲಿಗೆ ಯಂತ್ರ, ನಡುವೆ ಕಾಲು ಮೇಲೆ ಮಾಡಿಕೊಂಡು ಮಲಗಿದ ಯಾರದೋ ಸೋಫಾ, ಹಿಂದಿನ ಗೋಡೆಗೆ ಬಟ್ಟೆಯ ಸುರುಳಿಗಳು. ಎಷ್ಟು ಗುಡಿಸಿದರೂ ನೆಲದ ಮೇಲೆ ನಾರಿನ ಚೂರು ತಪ್ಪಿದ್ದಲ್ಲ. ಸೋಫಾ ಬಿಚ್ಚಿದಾಗ ಒಳಗಿನಿಂದ ಬಾಚಣಿಗೆ, ಪೆನ್ನಿನ ಮುಚ್ಚಳ, ಒಂದೇ ಒಂದು ಕಿವಿಯೋಲೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ಸಿಕ್ಕಿದೆ. ಅವನ್ನೆಲ್ಲ ಒರೆಸಿ, ಪೊಟ್ಟಣ ಕಟ್ಟಿ, ಸೋಫಾದ ಜೊತೆಗೇ ವಾಪಸು ಕಳಿಸುತ್ತಾನೆ. ಹಲ್ಲಿನ ಸೆಟ್ಟನ್ನು ಮಾತ್ರ ನಾನೇ ಕಟ್ಟಿದೆ. ಅವನು ಮುಟ್ಟಲಿಲ್ಲ.

ಈಗೆಲ್ಲ ಈ ಕೆಲಸದವರು ಪಿನ್ ಹೊಡೆಯುವ ಗನ್ ಇಟ್ಟುಕೊಂಡಿದ್ದಾರೆ. ಅಣ್ಣನಿಗೆ ಅದರ ಹೆಸರೆತ್ತಿದರೆ ಆಗುವುದಿಲ್ಲ. ಅವನದು ಹಳೇ ಕ್ರಮ. ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ಕೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಳ್ಳುತ್ತಾನೆ. ನಾಲಿಗೆಯಲ್ಲೇ ಒಂದನ್ನು ತಿರುಗಿಸಿ, ಅದರ ತಲೆ ಮುಂದಾಗುವ ಹಾಗೆ ತುಟಿಗೆ ತರುತ್ತಾನೆ. ಅವನ ಸುತ್ತಿಗೆಯ ಒಂದು ತುದಿ ಅಯಸ್ಕಾಂತದ್ದು. ತುಟಿಗೆ ತಾಗಿಸಿದರೆ ಮೊಳೆ ಅಂಟಿಕೊಂಡು ಬರುತ್ತದೆ. ಟಕ್ ಎಂದು ನೆಟ್ಟು, ಸುತ್ತಿಗೆ ತಿರುಗಿಸಿ ಠಕ್ ಎಂದು ಹೊಡೆಯುತ್ತಾನೆ. ಇನ್ನೊಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕಲ್ಲ, ಅದಕ್ಕೆ ಈ ವ್ಯವಸ್ಥೆ. ಇಷ್ಟು ವರ್ಷದಲ್ಲಿ ಒಂದು ಮೊಳೆಯನ್ನೂ ನುಂಗಿದವನಲ್ಲ.

ಬಾಯಲ್ಲಿ ಮೊಳೆ ಇದ್ದಾಗ ಮಾತಾಡುವಂತಿಲ್ಲ. ಎದುರಂಗಡಿಯ ಗಡಿಯಾರದವನು ಕಾಯುವುದೇ ಇದಕ್ಕೆ. ಅಣ್ಣನ ಕೆನ್ನೆ ಉಬ್ಬಿದ್ದು ಕಂಡಿತೋ, ಆಸಾಮಿ ನಮ್ಮ ಬಾಗಿಲಲ್ಲಿ ಹಾಜರು.

“ಏನಣ್ಣಾ, ಹೋದ ತಿಂಗಳು ಒಂದು ಹಸಿರು ಸೋಫಾ ಮಾಡ್ಕೊಟ್ಯಲ್ಲ, ಅದರ ಮೇಲೆ ಕೂತೋರು ಜಾರಿ ನೆಲಕ್ಕೆ ಬರ್ತಾರಂತೆ? ಬೀಳೋರಿಗೆ ಅಂತ ಅವರು ಕೆಳಗೊಂದು ದಿಂಬು ಹಾಕಿದಾರಂತಲ್ಲ!”

ಮೊದಲು ಅಣ್ಣನ ಕಿವಿ ಕೆಂಪಾಗುತ್ತದೆ. ಆಮೇಲೆ ಕತ್ತು. ಮೂಗಿನ ಹೊಳ್ಳೆ ಅರಳುತ್ತದೆ. “ಮ್ಮ್! ಮ್ಮ್ಮ್!” ಎಂದು ಗಂಟಲಲ್ಲೇ ಏನೋ ಹೊರಡುತ್ತದೆ. ಸುತ್ತಿಗೆಯ ಏಟು ಜೋರಾಗುತ್ತದೆ.

“ಕಿವಿ ನೋಡ್ರೋ ಕಿವಿ! ಮುಲಾಮು ತನ್ನಿ, ಸುಟ್ಟ ಗಾಯದ ಮುಲಾಮು!” ಎಂದು ಗಡಿಯಾರದವನು ಬೀದಿಗೆಲ್ಲ ಕೇಳುವಂತೆ ಕೂಗಿ ಓಡುತ್ತಾನೆ. ಅಣ್ಣ ಮೊಳೆಗಳನ್ನು ಅಂಗೈಗೆ ಉಗಿದು ಬಾಗಿಲಿಗೆ ಬರುವಷ್ಟರಲ್ಲಿ ಅವನು ತನ್ನ ಮೇಜಿನ ಮುಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಏನೂ ಅರಿಯದವನಂತೆ ಯಾವುದೋ ವಾಚಿನ ಹೊಟ್ಟೆ ನೋಡುತ್ತಿರುತ್ತಾನೆ.

“ನಾನೆಲ್ಲಿ ಉರ್ಕೋತೀನಿ? ಆಂ? ನಾನ್ಯಾಕೆ ಉರ್ಕೊಳ್ಳಲಿ?” ಎಂದು ಅಣ್ಣ ಗುಡುಗುತ್ತಾನೆ. ತಂತಿಯ ಮೇಲಿನ ಪಾರಿವಾಳಗಳು ಹಾರುತ್ತವೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಯಂತ್ರದ ಹತ್ತಿರ ಬಂದು ಮೆಲ್ಲಗೆ ಹೇಳುತ್ತಾನೆ: “ಮನೆಗೆ ಹೋಗುವಾಗ ಆ ಹಸಿರು ಸೋಫಾದೋರ ಮನೆ ಕಡೆಯಿಂದ ಹೋಗು. ನಿಜವಾಗ್ಲೂ ಜಾರುತ್ತಾ ಅಂತ ಕೇಳ್ಕೊಂಡು ಬಾ.”

ಅವನ ಉರಿಯ ಮೂಲ ಇಲ್ಲಿದೆ. ತನ್ನ ಬಣ್ಣ, ಬೊಜ್ಜು, ಬೋಳುತಲೆ ಯಾವುದರ ಬಗ್ಗೆ ಏನಂದರೂ ಅವನು ನಕ್ಕುಬಿಡುತ್ತಾನೆ. ಕುರ್ಚಿಯ ತಂಟೆಗೆ ಮಾತ್ರ ಹೋಗಬಾರದು.

ಹೀಗಿರುವಾಗ ಅಣ್ಣನ ಮಗಳು ಒಬ್ಬ ಹುಡುಗನನ್ನು ಮೆಚ್ಚಿಕೊಂಡಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಅದರ ಪಕ್ಕದ ಔಷಧಿ ಅಂಗಡಿಯವನು. ತೆಳ್ಳಗೆ, ಮಿತಭಾಷಿ, ಏನು ಹೇಳಿದರೂ ನಗುವವನು. ಅಣ್ಣನಿಗೂ ಅತ್ತಿಗೆಗೂ ಅವನು ಹಿಡಿಸಿದ. ಗಡಿಯಾರದವನಿಗಂತೂ ಸ್ವರ್ಗಕ್ಕೆ ಮೂರೇ ಗೇಣು. “ಅಳಿಯನೇ ಔಷಧಿ ಅಂಗಡಿಯೋನು! ಇನ್ನು ಈ ಬೀದೀಲಿ ಮುಲಾಮಿಗೆ ಬರವಿಲ್ಲ ಬಿಡಿ!” ಎಂದು ಕೂಗಿದ. ಕಿವಿ ಕೆಂಪಾಯಿತು, ಪಾರಿವಾಳ ಹಾರಿದವು.

ತೊಡಕಿದ್ದದ್ದು ಹುಡುಗನ ಅಜ್ಜಿಯ ಕಡೆಯಿಂದ. ತಂದೆ ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದ್ದು ಅಜ್ಜಿ. ಅವರು ಹೂಂ ಎಂದರೆ ಮದುವೆ, ಉಹುಂ ಎಂದರೆ ಇಲ್ಲ. ಹುಡುಗ ಇದನ್ನು ಮೊದಲೇ ಹೇಳಿದ್ದ. ಅಜ್ಜಿ ಕೆಲಸದಲ್ಲಿದ್ದಾಗ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನಲ್ಲಿ ಯಾರನ್ನೋ ಒಬ್ಬರನ್ನು ಹಿಡಿದು ಕಾಲೆಳೆದರೆ ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಜನ ನಗುತ್ತಿದ್ದರಂತೆ. ಕೆಲಸ ಬಿಟ್ಟರೂ ಆ ಚಟ ಬಿಟ್ಟಿರಲಿಲ್ಲ. ಅಂಥವರು ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಬರುವುದೆಂದು ನಿಶ್ಚಯವಾಯಿತು.

ಸೊಸೆಗೆ, ಅಂದರೆ ಅಣ್ಣನ ಮಗಳಿಗೆ, ಊಟ ಸೇರದಂತಾಯಿತು. ಅವಳ ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ನೆಂಟರ ಮನೆಯಲ್ಲಿ ಒಬ್ಬರು, “ನೀನು ಮಾಡಿದ ಈ ದಿಂಬಿಗೆ ಒರಗಿ ಕೂತ್ರೆ ಒಂದೇ ಕಡೆ ವಾಲ್ತೀವಪ್ಪ” ಎಂದು ನಕ್ಕಿದ್ದರು. ಅಣ್ಣ ಬಡಿಸಿದ ತಟ್ಟೆ ಬಿಟ್ಟು ಎದ್ದು ಬಂದಿದ್ದ. ಬರುವಾಗ ಆ ದಿಂಬನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಮೂರನೇ ದಿನ ಅದನ್ನು ಬಿಚ್ಚಿ, ಮತ್ತೆ ತುಂಬಿ, ತಾನೇ ಹೋಗಿ ಕೊಟ್ಟು ಬಂದ ಎಂಬುದು ಬೇರೆ ಮಾತು.

“ಅಪ್ಪಾ, ಒಂದು ಮಾತು ಕೊಡು” ಎಂದಳು ಸೊಸೆ. “ಅವತ್ತೊಂದು ದಿನ ಅಜ್ಜಿ ಏನೇ ಅಂದ್ರೂ ಉರ್ಕೋಬೇಡ.”

“ನಾನೆಲ್ಲಿ ಉರ್ಕೋತೀನಿ!” ಎಂದು ಅಣ್ಣ ಆಗಲೇ ಉರಿದುಕೊಂಡು ಹೇಳಿದ.

“ಅತ್ತೆ, ನೀವೂ ಅಷ್ಟೇ. ಬೆಂಕಿಗೆ ತುಪ್ಪ ಸುರೀಬೇಡಿ. ಅವತ್ತು ಅಪ್ಪನ್ನ ರೇಗಿಸಕೂಡದು.”

ಅವಳ ಕಣ್ಣಲ್ಲಿ ನೀರಿತ್ತು. ನಾನು ಆಯಿತೆಂದೆ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ನಾನು. ಅವಳ ಕಣ್ಣಲ್ಲಿ ನೀರು ಕಂಡರೆ ನನಗೆ ಯಾವ ತಮಾಷೆಯೂ ಬೇಡ.

ಊರವರ ಮನೆಯ ಕುರ್ಚಿಗಳೆಲ್ಲ ಮೆತ್ತಗಿದ್ದರೂ ಅಣ್ಣನ ಮನೆಯ ಕುರ್ಚಿಗಳ ಅವಸ್ಥೆ ಹೇಳತೀರದು. ಪುರುಸೊತ್ತಿದ್ದರೆ ತಾನೆ? ಅಜ್ಜಿ ಬರುತ್ತಾರೆಂದು ಆ ವಾರ ದೊಡ್ಡ ಕೈಕುರ್ಚಿಯೊಂದನ್ನು ಅಂಗಡಿಗೆ ಹೊತ್ತು ತಂದ. ಅಡಿಯಲ್ಲಿ ಸ್ಪ್ರಿಂಗು ಹೊರುವ ಪಟ್ಟಿಯಿಂದ ಹಿಡಿದು ಎಲ್ಲ ಹೊಸದಾಗಿ ಮಾಡಿದ. ವಯಸ್ಸಾದವರ ಸೊಂಟಕ್ಕೆ ಒತ್ತು ಬೇಕೆಂದು ಬೆನ್ನಿಗೆ ಎರಡು ಪದರ ನಾರು ಹಾಕಿದ. ಏಳುವಾಗ ಕೈಯೂರಲು ಹಿಡಿಕೆಗೆ ಗಟ್ಟಿ ಸ್ಪಂಜು ಸುತ್ತಿದ. ನನ್ನ ಕೈಯಲ್ಲಿ ಕಂದು ಬಟ್ಟೆಯ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿಸಿದ. ನನಗೆ ಪಿತ್ತ ನೆತ್ತಿಗೇರಿತು, ಆದರೂ ಸುಮ್ಮನೆ ಹೊಲಿದೆ. ಕೆಲಸ ಮುಗಿದಾಗ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದು, ಅದರ ಮೇಲೆ ತಾನು ಕೂರದೆ, ಸುಮ್ಮನೆ ನೋಡುತ್ತ ನಿಂತಿದ್ದ.

ಭಾನುವಾರ ಬಂತು. ಬಾಗಿಲಲ್ಲೇ ಅಜ್ಜಿಯ ದನಿ ಕೇಳಿತು. “ಒಳಗೆ ನಡಿ, ಒಳಗೆ ನಡಿ! ಬಾಗಿಲಲ್ಲಿ ನಿಂತ್ರೆ ಹತ್ತೋರು ಹೆಂಗೆ ಹತ್ತಬೇಕು?” ಎಂದು ಮೊಮ್ಮಗನನ್ನು ಬೆನ್ನಿಗೆ ಕೈ ಕೊಟ್ಟು ತಳ್ಳಿಕೊಂಡು ಬಂದರು. ಗುಂಡಗೆ, ಕುಳ್ಳಗೆ, ಪಿಳಿಪಿಳಿ ಕಣ್ಣಿನ ಮುದುಕಿ. ನನಗೆ ನೋಡಿದ ಕೂಡಲೇ ಇಷ್ಟವಾಗಿಬಿಟ್ಟರು. ಅತ್ತಿಗೆ ಅವರನ್ನು ಹೊಸ ಕುರ್ಚಿಯಲ್ಲಿ ಕೂರಿಸಿದಳು. ಅಣ್ಣ ಎದುರಿಗೆ ಮರದ ಸ್ಟೂಲಿನ ಮೇಲೆ ಕೂತ. ಕೈ ಜೋಡಿಸಿ ನಮಸ್ಕಾರ ಮಾಡಿದ, ಬಾಯಿ ಮಾತ್ರ ಬಿಡಲಿಲ್ಲ.

“ಏನ್ರೀ ಯಜಮಾನ್ರೇ, ಮೆಟ್ಟಿಲು ನೀವೇ ಕಟ್ಟಿಸಿದ್ದಾ? ಮದುವೆಯಾದ್ಮೇಲೆ ಮಗಳು ತವರಿಗೆ ಓಡಿ ಬರಬಾರದು ಅಂತ ಇಷ್ಟು ಕಡಿದಾಗಿ ಕಟ್ಟಿದ್ದೀರೇನೋ!” ಎಂದರು ಅಜ್ಜಿ.

ನಾವೆಲ್ಲ ನಕ್ಕೆವು. ಅಣ್ಣ ತುಟಿ ಬಿಗಿ ಹಿಡಿದೇ ಮುಗುಳ್ನಕ್ಕ.

ಅಜ್ಜಿ ಇನ್ನೊಂದು ಬಿಟ್ಟರು. ಗೋಡೆಯ ಮೇಲಿದ್ದ ಅವನ ಮದುವೆಯ ಫೋಟೋ ನೋಡಿ, “ಆಗ ತಲೆ ತುಂಬ ಕೂದಲಿತ್ತಲ್ಲ, ಎಲ್ಲಾ ಕಿತ್ತು ಕುಶನ್ನಿಗೆ ತುಂಬಿಬಿಟ್ರಾ?” ಎಂದರು. ಅಣ್ಣ ತಲೆಯಾಡಿಸಿದ. ಅತ್ತಿಗೆ ಟೀ ತಂದಿಟ್ಟಳು. ಎಲ್ಲರೂ ಕುಡಿದರು. ಅಣ್ಣನ ಕಪ್ಪು ಹಾಗೇ ಇತ್ತು. ಸೊಸೆಯ ಮುಖದಲ್ಲಿ ನೆಮ್ಮದಿ. ಅಪ್ಪ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಹೆಮ್ಮೆ.

ಕೊನೆಗೆ ಅಜ್ಜಿ ಕುರ್ಚಿಯ ಹಿಡಿಕೆ ತಟ್ಟಿ, ಬೇಕೆಂದೇ ಒಮ್ಮೆ ಮೇಲೆ ಕೆಳಗೆ ಕುಲುಕಾಡಿ, “ಕುರ್ಚಿ ಏನೋ ಚೆನ್ನಾಗಿದೆ. ಕೂತ್ರೆ ನಮ್ಮ ಬಸ್ಸಿನ ಹಿಂದಿನ ಸೀಟು ನೆನಪಾಗುತ್ತೆ!” ಎಂದರು.

ಅಣ್ಣನ ಕಿವಿ ಕೆಂಪಾಯಿತು, ಕತ್ತೂ ಕೆಂಪಾಯಿತು. ಆದರೆ ಅವನು ಕಮಕ್ ಕಿಮಕ್ ಎನ್ನಲಿಲ್ಲ. ನೆಲ ನೋಡುತ್ತ ಕೂತ.

ಅಜ್ಜಿಯ ಮುಖದ ಮೇಲಿನ ನಗು ಆರಿಹೋಯಿತು. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಸರಿಮಾಡಿಕೊಂಡರು. ಆಮೇಲೆ ಕುರ್ಚಿಯ ಹಿಡಿಕೆಗೆ ಕೈಯೂರಿ ಎದ್ದು ನಿಂತರು.

“ನಡಿಯಪ್ಪಾ, ಹೊರಡೋಣ” ಎಂದರು ಮೊಮ್ಮಗನಿಗೆ. ದನಿ ತಗ್ಗಿತ್ತು. “ಯಜಮಾನ್ರಿಗೆ ನಾವು ಬಂದದ್ದು ಇಷ್ಟ ಇಲ್ಲ ಅಂತ ಕಾಣುತ್ತೆ. ಒಂದು ಮಾತಿಲ್ಲ, ಒಂದು ಗುಟುಕು ಟೀ ಇಲ್ಲ. ಬೇಡ ಅನ್ನೋಕೆ ಸಂಕೋಚ ಪಡ್ತಿದಾರೆ. ಬಾಯಿ ಬಿಟ್ಟು ಮಾತೇ ಆಡದ ಮನೆಗೆ ನಮ್ಮ ಹುಡುಗನ್ನ ಅಳಿಯ ಅಂತ ಹೆಂಗೆ ಕಳಿಸಲಿ?”

“ಅಯ್ಯೋ ಹಾಗೇನಿಲ್ಲ, ಕೂತ್ಕೊಳ್ಳಿ” ಎಂದು ಅತ್ತಿಗೆ ಗಾಬರಿಯಿಂದ ಕೈ ಕೈ ಹಿಸುಕಿಕೊಂಡಳು. ಹುಡುಗ ಮೊದಲ ಸಲ ನಗುವುದನ್ನು ಬಿಟ್ಟಿದ್ದ. ಸೊಸೆ ಗೋಡೆಗೆ ಒರಗಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. “ಅಪ್ಪಾ, ಏನಾದ್ರೂ ಹೇಳು” ಎಂದಳು. ಅಣ್ಣ ಎದ್ದು ಎರಡೂ ಕೈ ಅಲ್ಲಾಡಿಸಿದ. “ಮ್ಮ್! ಮ್ಮ್ಮ್!” ಎಂದ.

ಆ ಸದ್ದನ್ನು ನಾನು ಪ್ರತಿದಿನ ಕೇಳುವವಳು. ಅವನ ಎಡಗೆನ್ನೆ ನೋಡಿದೆ. ಉಬ್ಬಿತ್ತು. ನಾಲಿಗೆ ಒಳಗೆ ಏನನ್ನೋ ತಿರುಗಿಸುತ್ತಿತ್ತು. ಪುಣ್ಯಾತ್ಮ ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಬಾಯಿಗೆ ಮೊಳೆ ಹಾಕಿಕೊಂಡು ಕೂತಿದ್ದ!

ಈಗ ನಾಲ್ಕು ಜನರ ಮುಂದೆ ಅದನ್ನು ಉಗಿಯಲು ಅವನಿಗೆ ನಾಚಿಕೆ. ‘ನಮ್ಮಣ್ಣ ಬೀಗರನ್ನು ಮಾತಾಡಿಸಲು ಮೊಳೆ ಕಚ್ಚಿಕೊಂಡು ಬಂದಿದ್ದಾನೆ’ ಎಂದು ನಾನು ಹೇಳಿದರೆ ಇದು ಹುಚ್ಚರ ಮನೆಯೆಂದು ಅಜ್ಜಿ ಇನ್ನೂ ಬೇಗ ಮೆಟ್ಟಿಲಿಳಿಯುತ್ತಿದ್ದರು. ಅವರು ಆಗಲೇ ಹೊಸ್ತಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದರು. ನನಗೆ ಸೊಸೆಗೆ ಕೊಟ್ಟ ಮಾತು ನೆನಪಿತ್ತು. ಅವಳ ಬಿಳುಚಿದ ಮುಖವೂ ಕಾಣುತ್ತಿತ್ತು. ಅಣ್ಣನ ಬಾಯಿ ತೆರೆಸುವ ಕೀಲಿ ಪ್ರಪಂಚದಲ್ಲಿ ಯಾರ ಹತ್ತಿರವಾದರೂ ಇದ್ದರೆ ಅದು ನನ್ನ ಹತ್ತಿರ.

“ಅಜ್ಜೀ,” ಎಂದೆ ಗಟ್ಟಿಯಾಗಿ, “ನೀವು ಹೇಳಿದ್ದು ಸರಿಯಾಗಿದೆ. ಅದು ಬಸ್ ಸೀಟೇ. ಅಣ್ಣಂಗೆ ಈ ಸಲ ಟೈಮಿರ್ಲಿಲ್ಲ ನೋಡಿ, ಯಾರದೋ ಪಿನ್ ಹೊಡೆಯೋ ಗನ್ ತಂದು ಪಟಪಟ ಅಂತ ಹೊಡೆದು ಮುಗಿಸಿಬಿಟ್ಟ!”

“ಅತ್ತೇ!” ಎಂದು ಸೊಸೆ ಚೀರಿದಳು.

ಅಣ್ಣ ನನ್ನನ್ನು ನೋಡಿದ. ಕಿವಿ, ಕತ್ತು, ಮೂಗು, ಬೋಳುತಲೆ ಎಲ್ಲ ಒಂದೇ ಬಣ್ಣಕ್ಕೆ ಬಂದವು. ತನ್ನ ಟೀ ಕಪ್ಪಿನ ಸಾಸರನ್ನು ಸರಕ್ಕನೆ ಎಳೆದುಕೊಂಡು ಟಿಣ್, ಟಿಣ್, ಟಿಣ್ ಎಂದು ಮೊಳೆಗಳನ್ನು ಅದಕ್ಕೆ ಉದುರಿಸಿದ.

“ಗನ್ನಾ? ನಾನಾ? ನಾನು ಗನ್ನಲ್ಲಿ ಹೊಡೆದ್ನಾ?”

ಅಷ್ಟು ಹೊತ್ತು ತಡೆದದ್ದೆಲ್ಲ ಒಟ್ಟಿಗೆ ಹೊರಬಂತು. ಕುರ್ಚಿಯನ್ನು ಎತ್ತಿ ತಲೆಕೆಳಗು ಮಾಡಿದ. “ಇಲ್ಲಿ ಬನ್ನಿ ಅಮ್ಮಾ! ಚಪ್ಪಲಿ ಆಮೇಲೆ ಹಾಕ್ಕೊಳ್ಳಿ, ಇಲ್ಲಿ ಬನ್ನಿ! ನೋಡಿ ಈ ಸಾಲು! ಒಂದು ಮೊಳೆ ಸೊಟ್ಟ ಇದೆಯಾ ತೋರಿಸಿ! ಬಸ್ ಸೀಟಂತೆ ಬಸ್ ಸೀಟು! ನಿಮ್ಮ ಬಸ್ಸಿನ ಯಾವ ಸೀಟಿಗೆ ಹಿಂಗೆ ಸ್ಪ್ರಿಂಗ್ ಕಟ್ಟಿದ್ರು? ಸೊಂಟಕ್ಕೆ ಅಂತ ಎರಡು ಪದರ ಹಾಕಿದೀನಿ ನಿಮಗೆ! ಈಗ ಏಳುವಾಗ ಕೈಯೂರಿದ್ರಲ್ಲ, ಜಾರ್ತಾ? ಹೇಳಿ, ಜಾರ್ತಾ?”

ಅಜ್ಜಿ ಒಂದು ಚಪ್ಪಲಿ ಮೆಟ್ಟಿದ ಕಾಲಲ್ಲೇ ಹತ್ತಿರ ಬಂದರು. ಮೊಳೆಯ ಸಾಲು ನೋಡಿದರು. ಸಾಸರು ನೋಡಿದರು. ಅಣ್ಣನ ಕಿವಿ ನೋಡಿದರು. ಅವರ ಭುಜ ಮೆಲ್ಲಗೆ ಕುಲುಕತೊಡಗಿತು.

“ಉರ್ಕೊಂಡ್ರು!” ಎಂದರು ಮೊಮ್ಮಗನ ತೋಳು ಹಿಡಿದು. “ನೋಡೋ, ನೋಡೋ, ಎಷ್ಟು ಚೆನ್ನಾಗಿ ಉರ್ಕೊಂಡ್ರು!”

“ನಾನೆಲ್ಲಿ ಉರ್ಕೋತೀನಿ?” ಎಂದು ಅಣ್ಣ ಅರಚಿದ.

ಅಜ್ಜಿಗೆ ನಿಲ್ಲಲಾಗಲಿಲ್ಲ. ಹುಡುಗ ಕುರ್ಚಿಯನ್ನು ನೆಟ್ಟಗೆ ಮಾಡಿ ಕೂರಿಸಿದ. ಕೂತು, ಬಿದ್ದು ಬಿದ್ದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿದಷ್ಟೂ ನೀರು ಬರುತ್ತಿತ್ತು.

“ನಮ್ಮ ಯಜಮಾನ್ರು ನನ್ನ ಬಸ್ಸಿನ ಡ್ರೈವರು. ಗೇರ್ ಹಾಕೋಕೆ ಬರಲ್ಲ ನಿಮಗೆ ಅಂದ್ರೆ ಸಾಕು, ಹಿಂಗೇ ಕೆಂಡ ಆಗೋರು. ದಿನಾ ಅನ್ತಿದ್ದೆ, ದಿನಾ ಆಗೋರು. ಅವರು ಹೋದ ಮೇಲೆ ನಮ್ಮನೇಲಿ ಉರ್ಕೊಳ್ಳೋರೇ ಇಲ್ಲ ನೋಡಿ. ಇವನೋ, ನಾನು ಏನಂದ್ರೂ ಹಲ್ಲು ಕಿಸೀತಾನೆ. ಉರ್ಕೊಳ್ಳೋರು ಇಲ್ದಿದ್ರೆ ನಾನು ಯಾರ ಹತ್ರ ಮಾತಾಡ್ಲಿ?” ಆಮೇಲೆ ಸಾಸರಿನ ಕಡೆ ಬೆರಳು ಮಾಡಿ, “ಅದಿರ್ಲಿ, ಇದನ್ಯಾಕೆ ಬಾಯಿಗೆ ಹಾಕ್ಕೊಂಡಿದ್ರಿ?” ಎಂದರು.

ಅಣ್ಣ ಇಂಗು ತಿಂದ ಮಂಗನ ಹಾಗಾದ. “ಮಗಳಿಗೆ ಮಾತು ಕೊಟ್ಟಿದ್ದೆ. ಬಾಯಿ ಖಾಲಿ ಇದ್ರೆ ನನ್ನ ಕೈಲಿ ತಡೆಯೋಕಾಗಲ್ಲ” ಎಂದ.

ಸೊಸೆ ಅವನ ಹೆಗಲಿಗೆ ಮುಖ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ. “ಕೂತ್ಕೊಳ್ಳಿ ಬೀಗ್ರೇ, ಟೀ ತಣ್ಣಗಾಯ್ತು” ಎಂದರು ಅಜ್ಜಿ. ಆ ‘ಬೀಗ್ರೇ’ ಕೇಳಿ ಅತ್ತಿಗೆ ಗ್ಯಾಸ್ ಒಲೆ ಹಚ್ಚಲು ಒಳಗೆ ಓಡಿದಳು.

ಮದುವೆಯಾಯಿತು. ಅಣ್ಣ ಆ ಕುರ್ಚಿಯನ್ನು ಅಜ್ಜಿಗೇ ಕೊಟ್ಟ. ಅಂದಿನಿಂದ ವಾರಕ್ಕೊಮ್ಮೆ ಅಂಗಡಿಗೆ ಅಜ್ಜಿಯ ಫೋನು ಬರುವುದು ರೂಢಿಯಾಯಿತು. “ಬೀಗ್ರೇ, ನಿಮ್ಮ ಕುರ್ಚಿ ಕಿರ್ ಅಂತಿದೆ.” ಕಿರ್ ಎನ್ನುವುದಿಲ್ಲವೆಂದು ಅವನಿಗೂ ಗೊತ್ತು, ಅವರಿಗೂ ಗೊತ್ತು. ಆದರೂ ಅಣ್ಣ ಸುತ್ತಿಗೆ ಹಿಡಿದು, ಗೊಣಗುತ್ತ, ಅಷ್ಟು ದೂರ ಹೋಗಿ ಕುರ್ಚಿ ತಿರುಗಿಸಿ ನೋಡಿ, ಒಂದು ಸುತ್ತು ಕೂಗಾಡಿ, ಟೀ ಕುಡಿದು ಬರುತ್ತಾನೆ. “ಕಂಡಕ್ಟರಮ್ಮನ ಬಸ್ ಹತ್ತಿದ್ಯಾ ಅಣ್ಣಾ?” ಎಂದು ಗಡಿಯಾರದವನು ಕೇಳುತ್ತಾನೆ.

ಮೊನ್ನೆ ಒಂದು ವಾರ ಫೋನು ಬರಲಿಲ್ಲ. ಅಣ್ಣ ಬಾಯಿಗೆ ಮೊಳೆ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಗಡಿಯಾರದವನು ಬಂದು ಗನ್ನಿನ ಮಾತೆತ್ತಿದರೂ ಕಿವಿ ಕೆಂಪಾಗಲಿಲ್ಲ. ಗಡಿಯಾರದವನೇ ಹೆದರಿ, “ಹುಷಾರಾಗಿದ್ದೀಯೇನಣ್ಣಾ?” ಎಂದು ಕೇಳಿದ. ಕೊನೆಗೆ ಅಂಗಡಿ ಅರ್ಧ ದಿನಕ್ಕೇ ಮುಚ್ಚಿ ನನ್ನನ್ನೂ ಕರೆದುಕೊಂಡು ಹೊರಟ.

ಅಜ್ಜಿಗೆ ಜ್ವರ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೂರು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲವೆಂದು ಸೊಸೆ ಬಾಗಿಲಲ್ಲೇ ಪಿಸುಗುಟ್ಟಿದಳು. ಕುರ್ಚಿ ಖಾಲಿಯಿತ್ತು. ಅಣ್ಣ ಸುತ್ತಿಗೆ ಹಿಡಿದುಕೊಂಡೇ ಮಂಚದ ಹತ್ತಿರ ನಿಂತ.

“ಯಾಕೆ, ಈ ವಾರ ಕುರ್ಚಿ ಕಿರ್ ಅನ್ನಲಿಲ್ವಾ?”

ಅಜ್ಜಿ ನಿಧಾನಕ್ಕೆ ಈ ಕಡೆ ಹೊರಳಿದರು. ಸುತ್ತಿಗೆ ನೋಡಿದರು, ಆಮೇಲೆ ಅವನನ್ನು. ಬತ್ತಿದ ಕಣ್ಣಲ್ಲಿ ಹಳೇ ಪಿಳಿಪಿಳಿ ಬಂತು.

“ಅಂತಿತ್ತು ಬೀಗ್ರೇ. ಹೇಳಿದ್ರೆ ಎಲ್ಲಿ ಉರ್ಕೋತೀರೋ ಅಂತ ಸುಮ್ಮನಿದ್ದೆ.”

“ನಾನೆಲ್ಲಿ ಉರ್ಕೋತೀನಿ!” ಎಂದು ಅಣ್ಣ ಕೂಗಿದ. ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಅಜ್ಜಿ ದಿಂಬಿಗೆ ಕೈಯೂರಿ ಎದ್ದು ಕೂತು, ಸೊಸೆಯನ್ನು ಕರೆದು ಎಲ್ಲರಿಗೂ ಟೀ ಮಾಡಲು ಹೇಳಿದರು.